ವಲ್ಲಿಯ ಕೆಳಗೆ ಬಾಯಿ ವಾಸನೆ

ಶಹಾಪುರದಿಂದ ಯಾದಗಿರಿಗೆ ಬರುವ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕಕ್ಕೆ ಒಬ್ಬ ಗೃಹಸ್ಥರು ಬಂದು ಕೂತರು. ಇಸ್ತ್ರಿ ಹಾಕಿದ ಅಂಗಿ, ತೊಡೆಯ ಮೇಲೆ ಕಪ್ಪು ಚೀಲ, ಮುಖದಲ್ಲಿ ಸರ್ಕಾರಿ ಗಾಂಭೀರ್ಯ. ಸ್ವಲ್ಪ ದೂರ ಹೋಗುವುದರಲ್ಲಿ ಅವರ ಫೋನು ರಿಂಗಾಯಿತು. ಅವರು ಹೆಸರು ನೋಡಿದರು, ಅವಸರದಿಂದ ಜೇಬಿಗೆ ಕೈ ಹಾಕಿ ಒಂದು ಏಲಕ್ಕಿ ತೆಗೆದು ಬಾಯಿಗೆ ಎಸೆದುಕೊಂಡರು, ಜಗಿದರು, ಆಮೇಲೆ "ಹಲೋ ಸರ್" ಎಂದರು.

ನೀವೇ ಹೇಳಿ, ಫೋನಿನೊಳಗೆ ವಾಸನೆ ದಾಟುತ್ತದೆಯೇ? ದಾಟುವುದಿಲ್ಲ ಎಂದು ಅವರಿಗೂ ಗೊತ್ತು. ಆದರೂ ಕೈ ಕೇಳುವುದಿಲ್ಲ. ಬಾಯಿಯ ಭಯ ಹೊಕ್ಕ ಮನುಷ್ಯನ ಲಕ್ಷಣವೇ ಅದು. ಅವರು ಮಾತು ಮುಗಿಸಿದ ಮೇಲೆ ನಾನು ಮೆಲ್ಲಗೆ ಕೇಳಿದೆ.

"ಭಾಳ ದಿನದಿಂದ ಅದ ಏನ್ರಿ?"

"ಏನು?"

"ಅದೇ, ಯಾಲಕ್ಕಿ."

"ನಿಮಗ್ಯಾಕ್ರಿ ಯಜಮಾನ್ರ ಅದು?"

"ಅಲ್ರಿ, ಯಾಲಕ್ಕಿ ವಾಸನಿ ಮುಚ್ಚತದ, ತೆಗಿಯಂಗಿಲ್ಲ. ನಾಲಿಗಿ ಹಿಂದಿನ ತನಕ ಕೆರೀರಿ. ನೀರು ಕುಡೀರಿ. ಅದಕ್ಕೂ ಬಗ್ಗಲಿಲ್ಲಂದ್ರ ಹಲ್ಲಿನ ಡಾಕ್ಟರ್ ಕಡೆ ಹೋಗ್ರಿ."

ಭೀಮಾ ನದಿಯ ಸೇತುವೆಗಿಂತ ಮುಂಚೆಯೇ ಮುಂದಿನ ಸೀಟು ಖಾಲಿಯಾಯಿತು. ಅವರು ಎದ್ದು ಅಲ್ಲಿಗೆ ಹೋಗಿ ಕೂತರು. ಬಿಟ್ಟಿ ಸಲಹೆಗೆ ನಮ್ಮ ಕಡೆ ಇಷ್ಟೇ ಕಿಮ್ಮತ್ತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಆ ಏಲಕ್ಕಿಯ ಘಮ ಮಾತ್ರ ಖಾಲಿ ಸೀಟಿನ ಮೇಲೆ ಕೂತು ನನಗೆ ಹಳೆಯ ಕಥೆಯೊಂದನ್ನು ನೆನಪಿಸುತ್ತ ಯಾದಗಿರಿಯವರೆಗೂ ಬಂತು. ನಿಮಗೂ ಹೇಳುತ್ತೇನೆ. ನೀವಾದರೂ ಎದ್ದು ಹೋಗಬೇಡಿ.

ನನ್ನದು ಎತ್ತಿನ ದಲ್ಲಾಳಿ. ಹೂಡುವ ಎತ್ತು ಕೊಡಿಸುವುದು, ಮಾರಿಸುವುದು. ಅಪ್ಪ ಬಿಟ್ಟುಹೋದ ದಂಧೆಯಲ್ಲ. ಬೇರೆಯವರ ಎತ್ತು ಹಿಡಿದುಕೊಂಡು ಸಂತೆಯಲ್ಲಿ ಬಿಸಿಲಿಗೆ ನಿಂತು ನಿಂತು ನಾನೇ ಕಲಿತದ್ದು. ಈ ದಂಧೆಯ ಮೊದಲ ಪಾಠವೇ ಬಾಯಿ. ಎತ್ತಿನ ತುಟಿ ಎತ್ತಿ ಹಲ್ಲು ನೋಡಿದರೆ ವಯಸ್ಸು ಗೊತ್ತಾಗುತ್ತದೆ. ಅದು ಎಲ್ಲ ದಲ್ಲಾಳಿಗಳಿಗೂ ಬರುವ ವಿದ್ಯೆ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಮೂಗನ್ನೂ ಇಡುತ್ತಿದ್ದೆ. ಚೊಲೋ ಎತ್ತಿನ ಬಾಯಿ ಮೇವಿನ ವಾಸನೆ, ಮೆಲುಕಿನ ಹುಳಿ ವಾಸನೆ ಹೊಡೆಯುತ್ತದೆ. ಅದು ಆರೋಗ್ಯ. ಕೊಳೆತ ವಾಸನೆ ಬಂದರೆ ಒಳಗೆ ದವಡೆಯಲ್ಲಿ ಗಾಯವೋ, ನಾಲಿಗೆಯಲ್ಲಿ ಹುಣ್ಣೋ ಇದೆ ಎಂದು ಲೆಕ್ಕ. ಅಂಥ ಎತ್ತು ಮೇವು ತಿನ್ನುವುದಿಲ್ಲ, ಮೇವು ತಿನ್ನದ ಎತ್ತು ಗಳೆ ಎಳೆಯುವುದಿಲ್ಲ. ಮಾರುವವನಿಗೂ ಇದು ಗೊತ್ತು. ಅದಕ್ಕೇ ಸಂತೆಗೆ ಹೊಡೆದುಕೊಂಡು ಬರುವ ಮುಂಚೆ ಬಾಯೊಳಗೆ ಅಜಿವಾನ, ಅಂದರೆ ಓಮದ ಕಾಳು ತಿಕ್ಕಿ, ಬೆಲ್ಲ ತಿನ್ನಿಸಿ ತರುತ್ತಾನೆ. ಎತ್ತಿನ ಬಾಯಿ ಘಮ್ಮೆಂದರೆ ನಾನು ಮೊದಲು ಅನುಮಾನಪಡುತ್ತೇನೆ. ಈ ಅನುಮಾನ ನನ್ನ ಹೊಟ್ಟೆ ತುಂಬಿಸಿದೆ. ಅದರ ಬಗ್ಗೆ ಯಾರೂ ನನಗೆ ಉಪದೇಶ ಮಾಡುವುದು ಬೇಡ.

ಎರಡನೆಯ ಪಾಠ ವಲ್ಲಿ. ಹೆಗಲ ಮೇಲಿನ ಆ ಬಟ್ಟೆ ಬೆವರು ಒರೆಸಲಿಕ್ಕೆ ಎಂದು ತಿಳಿದಿದ್ದರೆ ನೀವು ದನದ ಸಂತೆ ನೋಡಿಲ್ಲ. ನಮ್ಮಲ್ಲಿ ದರವನ್ನು ಕೂಗಿ ಹೇಳುವುದಿಲ್ಲ. ಕೊಳ್ಳುವವನ ಕೈ, ದಲ್ಲಾಳಿಯ ಕೈ, ಎರಡರ ಮೇಲೂ ವಲ್ಲಿ ಹೊದಿಸುತ್ತಾರೆ. ಕೆಳಗೆ ಬೆರಳು ಹಿಡಿದು, ಒತ್ತಿ ದರ ತಿಳಿಸುತ್ತಾರೆ. ಬೆರಳು ಅಂಕಿ ಹೇಳುತ್ತದೆ. ಅದು ಸಾವಿರವೋ ನೂರೋ ಎಂಬುದನ್ನು ಬಾಯಿ ಪಿಸುಗುಟ್ಟಬೇಕು. ಸುತ್ತಲೂ ಕಿವಿಗಳು ನಿಂತಿರುವುದರಿಂದ ತಲೆಗೆ ತಲೆ ಹಚ್ಚಿಯೇ ಮಾತು. ಗಿರಾಕಿಯ ಉಸಿರು ನಿಮ್ಮ ಕೆನ್ನೆಗೆ ತಾಗುವಷ್ಟು ಹತ್ತಿರ. ಗಂಡ ಹೆಂಡತಿ ಕೂಡ ಹಗಲು ಹೊತ್ತಿನಲ್ಲಿ ಅಷ್ಟು ಹತ್ತಿರ ನಿಲ್ಲುವುದಿಲ್ಲ.

ನನಗೆ ಒಬ್ಬ ಪಾಲುದಾರ, ಮೌಲಾಸಾಬ. ಸುರಪುರದವನು. ನನಗಿಂತ ಸ್ವಲ್ಪ ಚಿಕ್ಕವನು, ನನಗಿಂತ ಬಹಳ ತೆಳ್ಳಗಿನವನು. ಮನೆಯಲ್ಲಿ ದಖನಿ ಮಾತು, ಸಂತೆಯಲ್ಲಿ ನಮ್ಮ ಮಾತು, ಎತ್ತಿನ ಸಂಗಡ ಎರಡೂ ಕಲಸಿದ ಮಾತು. ನಮ್ಮಿಬ್ಬರ ಕರಾರು ಸರಳ: ನಾನು ವಲ್ಲಿಯ ಕೆಳಗೆ ಕೈ ಹಾಕುವವನು, ಅವನು ಗಿರಾಕಿಯನ್ನು ಹಿಡಿದು ತರುವವನು, ಎತ್ತು ನಡೆಸಿ ತೋರಿಸುವವನು. ವಲ್ಲಿಯ ಕೆಳಗೆ ಕೈ ಹಾಕಿದವನಿಗೆ ಮಾತ್ರ ಖರೇ ದರ ಗೊತ್ತು. ಹೊರಗೆ ಬಂದು ಪಾಲುದಾರನಿಗೆ ಅವನು ಹೇಳಿದ್ದೇ ದರ. ಈ ಮಾತು ನೆನಪಿಡಿ. ಅದಕ್ಕೇ ನಾನು ಆ ಜಾಗ ಬಿಟ್ಟುಕೊಡುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಶುರುವಾಯಿತು. ಶಹಾಪುರದ ಸಂತೆಯಲ್ಲಿ ಒಬ್ಬ ಗಿರಾಕಿ ನನ್ನ ಕೈ ಹಿಡಿದವನು ದರವನ್ನೂ ಕೇಳದೆ ಕೈ ಬಿಡಿಸಿಕೊಂಡ. ಮತ್ತೊಬ್ಬ ತಲೆ ಹಚ್ಚಿದವನು ಮುಖವನ್ನು ಎತ್ತಿನ ಕಡೆ ತಿರುಗಿಸಿಯೇ ಮಾತಾಡಿದ. ಹತ್ತಿಕುಣಿಯ ರೈತನೊಬ್ಬನಂತೂ ಮೊದಲ ದರಕ್ಕೇ ಒಪ್ಪಿಬಿಟ್ಟ. ನೀವಾಗಿದ್ದರೆ ಸಂತೋಷಪಡುತ್ತಿದ್ದಿರಿ. ನನಗೆ ಅನುಮಾನ ಹತ್ತಿತು. ಚೌಕಾಸಿ ಮಾಡದೆ ಒಪ್ಪುವ ರೈತ ಈ ಭೂಮಿಯ ಮೇಲೆ ಹುಟ್ಟಿಲ್ಲ. ಏನೋ ನಡೆದಿದೆ, ನನಗೆ ತಿಳಿಯದ್ದು, ಎಲ್ಲರಿಗೂ ತಿಳಿದದ್ದು.

ಅಷ್ಟರಲ್ಲಿ ಮೌಲಾ ಒಂದು ದಿನ ನನ್ನ ಪಕ್ಕ ನಿಂತು, ನನ್ನ ಕಡೆ ನೋಡದೆ, "ಅಣ್ಣಾ, ಇವತ್ತ ನೀ ನೆರಳಾಗ ಕೂಡು. ಕೈ ನಾ ಹಾಕ್ತೀನಿ" ಎಂದ.

"ಯಾಕ? ನನ್ನ ಕೈಗೇನಾಗ್ಯದ?"

"ಕೈಗೇನಾಗಿಲ್ಲ ಬಿಡು. ಬಿಸಿಲು ಭಾಳ ಅದ."

"ಬಿಸಿಲು ನಿನಗ ಬಡಿಯಂಗಿಲ್ಲೇನು?"

"ನಾ ಕರ್ರಗೇ ಇದ್ದೀನಿ ಅಣ್ಣಾ, ಇನ್ನೇನು ಆಗ್ತದ?" ಎಂದು ನಕ್ಕು ವಲ್ಲಿ ಹೊದಿಸಿಕೊಂಡು ಹೋಗಿಯೇ ಬಿಟ್ಟ.

ನಾನು ಬೇವಿನ ಮರದ ಕೆಳಗೆ ಕೂತು ಚಹಾ ಕುಡಿಯುತ್ತ ಅವನ ಬೆನ್ನನ್ನೇ ನೋಡಿದೆ. ವಲ್ಲಿಯ ಕೆಳಗೆ ಅವನ ಮೊಳಕೈ ಅಲ್ಲಾಡುವುದನ್ನು ನೋಡಿ ಬೆರಳ ಲೆಕ್ಕ ಹಾಕಲು ನೋಡಿದೆ. ಆಗಲಿಲ್ಲ. ವಲ್ಲಿ ಕಂಡುಹಿಡಿದವನು ಬಹಳ ಬುದ್ಧಿವಂತ, ಅದರ ಹೊರಗೆ ಕೂತವನು ಎಷ್ಟೇ ಬುದ್ಧಿವಂತನಾದರೂ ಕುರುಡ. ಅವನು ಬಂದು ದರ ಹೇಳಿದ. ನಾನು ತಲೆ ಆಡಿಸಿದೆ. ಅವನು ಆಚೆ ಹೋಗುತ್ತಲೇ ಗಿರಾಕಿಯ ಹಿಂದೆ ಹೋಗಿ, "ನಮ್ಮ ಹುಡುಗ ಕಮ್ಮಿಗೇ ಬಿಟ್ಟಾನಂತ, ಎಷ್ಟಕ್ಕ ಆತು?" ಎಂದು ಕೆದಕಿದೆ. ದರ ತಾಳೆಯಾಯಿತು. ಆದರೆ ತಾಳೆಯಾಯಿತೆಂದು ಸುಮ್ಮನಿರುವವನು ದಲ್ಲಾಳಿಯಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆ?

ಇನ್ನೊಂದು ವಿಚಿತ್ರ ಶುರುವಾಯಿತು. ಸಂತೆಯ ಜನ ನನ್ನ ಸಂಗಡ ದೂರ ನಿಂತು ಜೋರಾಗಿ ಮಾತಾಡತೊಡಗಿದರು. "ಆರಾಮ್ ಅದೀರಿ ಏನ್ರೀ!" ಎಂದು ನಾಲ್ಕು ಎತ್ತುಗಳ ಆಚೆಯಿಂದ ಒದರುವುದು. ಚಹಾದವನು ಲೋಟ ಕೊಟ್ಟು ಕೈಸನ್ನೆ ಮಾಡಿ "ಸಕ್ಕರಿ ಸಾಕಾ?" ಎಂದು ಕೇಳುವುದು. ಇದು ಚೇಷ್ಟೆಯೋ ಮರ್ಯಾದೆಯೋ ತಿಳಿಯದೆ ನಾನು ಎರಡಕ್ಕೂ ಸಿಟ್ಟಾಗುತ್ತಿದ್ದೆ.

ಮನೆಯಲ್ಲಿ ಶರಣಮ್ಮ, ನನ್ನ ಹೆಂಡತಿ, ಒಂದು ಸಂಜೆ ರೊಟ್ಟಿ ಹಾಕುತ್ತ ಅಂದಳು: "ನಿಮ್ಮ ಬಾಯಿ ಯಾಕೋ ವಾಸನಿ ಬರಾಕತ್ತದ್ರಿ."

"ಉಳ್ಳಾಗಡ್ಡಿ ತಿಂದೀನಿ."

"ಉಳ್ಳಾಗಡ್ಡಿ ನಾನೂ ತಿಂದೀನಿ."

ಅವಳ ಮಾತಿನ ಹಿಂದೆ ಏನಿದೆ ಎಂದು ಯೋಚಿಸಿದೆ. ಆ ವಾರವಷ್ಟೇ ಅವಳು ತವರಿಗೆ ಹೋಗುತ್ತೇನೆಂದಿದ್ದಳು, ನಾನು ಬೇಡವೆಂದಿದ್ದೆ. ಓಹೋ, ಇದು ಅದರ ಸಿಟ್ಟು ಎಂದು ಲೆಕ್ಕ ಹಾಕಿ ಸುಮ್ಮನಾದೆ. ಆದರೂ ಒಳಗೊಳಗೆ ಹೆದರಿಕೆ ಇತ್ತೆನ್ನಿ. ಬೇವಿನ ಕಡ್ಡಿಯಿಂದ ವಸಡು ರಕ್ತ ಬರುವಂತೆ ತಿಕ್ಕಿದೆ. ಲವಂಗ ಇಟ್ಟುಕೊಂಡೆ. ಎಲೆ ಅಡಿಕೆ ಹೆಚ್ಚು ಮಾಡಿದೆ. ಹೊಟ್ಟೆಯ ದೋಷ ಇರಬಹುದೆಂದು ಯಾರೋ ಅಂದಿದ್ದಕ್ಕೆ ಚೂರ್ಣ ತಿಂದು ಎರಡು ದಿನ ಚರಿಗೆ ಹಿಡಿದುಕೊಂಡು ಓಡಾಡಿದೆ. ಪೇಟೆಯಲ್ಲಿ ನೀಲಿ ಬಣ್ಣದ ಬಾಯಿ ತೊಳೆಯುವ ನೀರು ಸಿಗುತ್ತದಲ್ಲ, ಅದನ್ನೂ ತಂದೆ. ಒಂದು ತಾಸು ಬಾಯಿ ಹೂವಿನ ಅಂಗಡಿ, ಆಮೇಲೆ ಮತ್ತೆ ಯಥಾಪ್ರಕಾರ. ಯಥಾಪ್ರಕಾರ ಎಂದು ಈಗ ಹೇಳುತ್ತಿದ್ದೇನೆ. ಆಗ ನನ್ನ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಸಂತೆಯ ಎತ್ತುಗಳ ಬಾಯನ್ನೆಲ್ಲ ಮೂಸಿ ಹೇಳುವ ಮೂಗು, ತನ್ನ ಕೆಳಗೇ ಇರುವ ಬಾಯಿಯನ್ನು ಮೂಸಲಾರದು. ದೇವರು ಮಾಡಿದ ಈ ಜೋಡಣೆಯ ಬಗ್ಗೆಯೂ ನನಗೆ ಅನುಮಾನವಿದೆ.

ಮೌಲಾನ ಮೇಲಿನ ಅನುಮಾನ ಮಾತ್ರ ಬೆಳೆಯುತ್ತ ಹೋಯಿತು. ಸಂತೆ ಸಂತೆಗೂ ಅವನಿಗೆ ಒಂದು ನೆಪ. ಒಮ್ಮೆ ಬಿಸಿಲು, ಒಮ್ಮೆ ಧೂಳು, ಒಮ್ಮೆ "ಈ ಗಿರಾಕಿ ನನ್ನ ಪರಿಚಯದವ, ಅಣ್ಣಾ". ಹೀಗೇ ಬಿಟ್ಟರೆ ನಾನು ಮರದ ಕೆಳಗೆ ಕೂತವನು ಕೂತೇ ಹೋಗುತ್ತೇನೆ, ದಂಧೆ ಅವನದಾಗುತ್ತದೆ. ಪಾಲು ಮುರಿಯುವುದೋ ಉಳಿಸುವುದೋ ತೀರ್ಮಾನ ಆಗಬೇಕಿತ್ತು. ತೀರ್ಮಾನಕ್ಕೆ ಸಾಕ್ಷಿ ಬೇಕಿತ್ತು.

ಹುಣಸಗಿಯಲ್ಲಿ ನನ್ನ ಷಡ್ಡಕ ಬಸಣ್ಣ ಇದ್ದ, ಶರಣಮ್ಮನ ಕೊನೆಯ ತಂಗಿಯ ಗಂಡ. ಆಗಷ್ಟೇ ಮದುವೆಯಾಗಿತ್ತು, ಮೌಲಾ ಅವನನ್ನು ನೋಡಿರಲಿಲ್ಲ. ಅವನನ್ನು ಕರೆಸಿ, ತಲೆಗೆ ಪಟಕ ಸುತ್ತಿಸಿ, ಕೈಗೆ ಬಾರುಕೋಲು ಕೊಟ್ಟು ಗಿರಾಕಿಯನ್ನಾಗಿ ಮಾಡಿದೆ. "ನೀ ನನ್ನ ಗುರುತ ಇಲ್ಲದವನಂಗ ಇರು. ಆತ ಬೆರಳಾಗ ಏನು ಹೇಳ್ತಾನ, ಬಾಯಾಗ ಏನು ಹೇಳ್ತಾನ, ಎಲ್ಲ ನನಗ ಬೇಕು" ಎಂದೆ. ಬಸಣ್ಣನಿಗೆ ಖುಷಿಯೋ ಖುಷಿ. ಹೊಸ ಅಳಿಯನಿಗೆ ಇಂಥ ಕೆಲಸ ಯಾರು ಕೊಡುತ್ತಾರೆ?

ಸಂತೆಯಲ್ಲಿ ಅವನು ಎತ್ತುಗಳ ಸುತ್ತ ಗಂಭೀರವಾಗಿ ತಿರುಗಿದ, ಬಾಲ ಎತ್ತಿ ನೋಡಿದ, ಒದೆಸಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ಮೌಲಾ ಬಂದು ವಲ್ಲಿ ಹೊದಿಸಿದ. ಇಬ್ಬರೂ ತಲೆ ಹಚ್ಚಿ ಬಹಳ ಹೊತ್ತು ನಿಂತರು. ದರ ಹೇಳಲು ಅಷ್ಟು ಹೊತ್ತು ಬೇಡ. ವ್ಯಾಪಾರ ಕುದುರಲಿಲ್ಲವೆಂದು ಕೈ ಬಿಡಿಸಿಕೊಂಡು ಬಸಣ್ಣ ಹೊರಟ. ಮೌಲಾ ಬಂದು ನನಗೆ ಒಂದು ದರ ಹೇಳಿದ. ನಾನು ಮೂತ್ರದ ನೆಪ ಮಾಡಿ ಗೋಡೆಯ ಹಿಂದೆ ಹೋಗಿ ಬಸಣ್ಣನನ್ನು ಹಿಡಿದೆ.

"ಎಷ್ಟಂದ?"

ಬಸಣ್ಣ ಹೇಳಿದ ದರ, ಮೌಲಾ ಹೇಳಿದ ದರ, ಎರಡೂ ಒಂದೇ.

"ಮತ್ತ ಅಷ್ಟೊತ್ತು ಏನು ಮಾತಾಡಿದ್ರಿ?"

ಬಸಣ್ಣ ಬಾರುಕೋಲಿನಿಂದ ನೆಲ ಕೆರೆದ. "ಅಣ್ಣಾರ, ನಾನಾ ಕೇಳಿದೆ. ಅಲ್ಲಿ ಕುಂತ ಹಿರಿಯರು ಯಾಕ ಕೈ ಹಾಕಂಗಿಲ್ಲ ಅಂತ. ಅದಕ ಆತ ಏನಂದ ಅಂದ್ರ..."

"ಹೇಳು."

"ಅವರಿಗೆ ಕಿವಿ ಹೋಗ್ಯಾವ ಅಂದ. ಪಿಸು ಮಾತು ಕೇಳಸಂಗಿಲ್ಲ, ಅದಕ ನಾ ಹಾಕಾಕತ್ತೀನಿ ಅಂದ. ದೊಡ್ಡ ಮನುಷ್ಯರು, ದೂರ ನಿಂತು ಜೋರಾಗಿ ಮಾತಾಡ್ಸು, ಅವರಿಗೆ ಅದಾ ಸರಿ ಹೋಗ್ತದ ಅಂದ."

ನನಗೆ ಒಮ್ಮೆಲೇ ಎಲ್ಲ ತಿಳಿಯಿತು ಎನ್ನಿಸಿತು. ದೂರದಿಂದ ಒದರುವ ಜನ, ಕೈಸನ್ನೆ ಮಾಡುವ ಚಹಾದವನು! ನನ್ನನ್ನು ಕಿವುಡನೆಂದು ಇಡೀ ಸಂತೆಗೆ ಸಾರಿ, ನನ್ನ ಜಾಗ ಹೊಡೆಯುವ ಹೂಟ. ನಾನು ನೆಟ್ಟಗೆ ಮೌಲಾನ ಮುಂದೆ ಹೋಗಿ ನಿಂತೆ.

"ಏನೋ, ನಾ ಕಿವುಡಾ?"

ಅವನು ನನ್ನ ಹಿಂದೆಯೇ ಬಂದಿದ್ದ ಬಸಣ್ಣನ ಕಡೆ ನೋಡಿದ, ನನ್ನ ಕಡೆ ನೋಡಿದ. ಬಸಣ್ಣ ಪಟಕ ಬಿಚ್ಚತೊಡಗಿದ. ಮೌಲಾನಿಗೆ ಅರ್ಥವಾಯಿತು.

"ಇವ ನಿಮ್ಮ ಮಂದಿನಾ? ವಾ ಅಣ್ಣಾ ವಾ. ನನ್ನ ಮ್ಯಾಲ ಗೂಢಚಾರ ಬಿಟ್ಟಿ?"

"ಅದು ಆಮ್ಯಾಲ. ನಾ ಕಿವುಡಾ?"

"ನಕ್ಕೋ, ಬ್ಯಾಡ ಅಣ್ಣಾ, ಇಲ್ಲಿ ಬ್ಯಾಡ. ಬಾ ಈ ಕಡೆ."

"ಇಲ್ಲೇ ಹೇಳು. ಕೇಳಸ್ತದ ನನಗ."

ಅವನು ನನ್ನ ತೋಳು ಹಿಡಿದು ಎತ್ತುಗಳ ನಡುವೆ ಎಳೆದುಕೊಂಡು ಹೋದ. ಅಲ್ಲಿಯೂ ಮುಖ ಸ್ವಲ್ಪ ಓರೆ ಮಾಡಿಯೇ ನಿಂತ. "ಕಿವುಡ ಅಂದ್ರ ಮಂದಿ ಮರುಗ್ತಾರ. ಬಾಯಿ ನಾರ್ತದ ಅಂದ್ರ ನಗ್ತಾರ. ನಾ ಯಾವುದು ಹೇಳಬೇಕಿತ್ತು?"

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡದ್ದೇ ಒಳ್ಳೆಯದಾಯಿತು, ಅವನಿಗಾದರೂ.

"ಮತ್ತ ನನಗ ಯಾಕ ಹೇಳಲಿಲ್ಲ?" ಎಂದು ಕೊನೆಗೆ ಕೇಳಿದೆ, ವಲ್ಲಿಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದು.

"ಹೇಳಿದ್ರ ನಂಬ್ತಿದ್ದೇನು? ಇಂವ ನನ್ನ ಜಾಗ ಹೊಡಿಯಾಕ ಹಿಂಗ ಅಂತಾನ ಅಂತಿದ್ದಿ."

ನಾನು ಹಾಗೇ ಅನ್ನುತ್ತಿದ್ದೆ. ಅಷ್ಟೇ ಅಲ್ಲ, ಆಗಲೂ ಪೂರ್ತಿ ನಂಬಲಿಲ್ಲ. ಮನೆಗೆ ಹೋಗಿ ಶರಣಮ್ಮನನ್ನು ಎದುರಿಗೆ ಕೂಡಿಸಿಕೊಂಡು, "ಖರೇ ಹೇಳು, ತವರಿಗೆ ಕಳಸ್ತೀನಿ" ಎಂದೆ.

"ತವರಿಗೆ ಕಳಸ್ರಿ, ಬಿಡ್ರಿ. ಹೋಳಿಹುಣ್ಣಿವಿಯಿಂದ ನಾ ಮಾರಿ ಗ್ವಾಡಿ ಕಡೆ ಮಾಡಿ ಮಲಗಾಕತ್ತೀನಿ, ಅದೂ ಗೊತ್ತಾಗಿಲ್ಲೇನು ನಿಮಗ?"

ಇಬ್ಬರು ಸಾಕ್ಷಿಗಳು, ಒಬ್ಬರಿಗೊಬ್ಬರು ಮಾತಾಡಿಕೊಂಡಿಲ್ಲ, ಮಾತು ಒಂದೇ. ಕೋರ್ಟಿನಲ್ಲೂ ಇಷ್ಟೇ ಕೇಳುತ್ತಾರೆ. ಮರುದಿನ ಯಾದಗಿರಿಗೆ ಹೋಗಿ ಹಲ್ಲಿನ ಡಾಕ್ಟರಮ್ಮನ ಮುಂದೆ ಕೂತೆ. ಆಕೆ ದೀಪ ಹಾಕಿ, ಕನ್ನಡಿ ಇಟ್ಟು ನೋಡಿದಳು. ನಾನು ಎತ್ತಿನ ಬಾಯಿ ನೋಡುವಾಗ ಎತ್ತಿಗೆ ಹೇಗನ್ನಿಸುತ್ತದೆ ಎಂದು ಅವತ್ತು ಗೊತ್ತಾಯಿತು.

"ಈ ಹಲ್ಲು ಯಾರು ಕೂಡಿಸಿದ್ರು?" ಎಂದು ಕೇಳಿದಳು.

ಅದಕ್ಕೊಂದು ಕಥೆ. ಹಿಂದಿನ ವರ್ಷ ಒಂದು ಹೋರಿ ತಲೆ ಒದರಿದಾಗ ನನ್ನ ಪಕ್ಕದ ಹಲ್ಲೊಂದು ಹೋಗಿತ್ತು. ಹಲ್ಲಿಲ್ಲದ ದಲ್ಲಾಳಿಯನ್ನು ನೋಡಿ ಗಿರಾಕಿ ಏನೆಂದುಕೊಂಡಾನು? ಬಸ್‌ಸ್ಟ್ಯಾಂಡಿನ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲು ಇಟ್ಟುಕೊಂಡು ಒಬ್ಬ ಕೂತಿದ್ದ. ಅವನ ಸಂಗಡ ಚಹಾ ಆರುವವರೆಗೂ ಚೌಕಾಸಿ ಮಾಡಿ, ಅವನು ಕೇಳಿದ್ದರ ಅರ್ಧಕ್ಕೆ ಕೂಡಿಸಿಕೊಂಡಿದ್ದೆ. ತೆಗೆಯಲು ಬಾರದ ಹಾಗೆ, ಗಟ್ಟಿಯಾಗಿ. ಆ ವ್ಯಾಪಾರದ ಬಗ್ಗೆ ಊರಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

"ಅರ್ಧಕ್ಕ ಕೂಡಿಸ್ಯಾನ್ರಿ," ಎಂದೆ ಬಾಯಿ ತೆರೆದುಕೊಂಡೇ.

"ಅರ್ಧಾನೇ ಕೂಡಿಸ್ಯಾನ," ಎಂದಳು ಆಕೆ. "ಆಜೂಬಾಜೂ ಹಲ್ಲಿಗೆ ತಂತಿ ಸುತ್ತಿ ಸಿಮೆಂಟ್ ಮೆತ್ತ್ಯಾನ. ಬುಡದಾಗ ತಿಂದದ್ದೆಲ್ಲ ಹೊಕ್ಕು ಕೊಳಿತಾ ಅದ. ಮ್ಯಾಲಿಂದ ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ನಿಮ್ಮ ಹೊಟ್ಟೀದೇನೂ ತಪ್ಪಿಲ್ಲ."

ಹೊಟ್ಟೆಯ ಮೇಲೆ ಸುಮ್ಮನೆ ಅಪವಾದ ಹೊರಿಸಿ ಚೂರ್ಣ ತಿಂದಿದ್ದೆ ನೋಡಿ. ಆಕೆ ಹೇಳಿದ ಪ್ರಕಾರ ಹೆಚ್ಚಿನ ಮಂದಿಯ ದುರ್ವಾಸನೆ ಬಾಯಲ್ಲೇ ಹುಟ್ಟುತ್ತದೆ: ವಸಡಿನಲ್ಲಿ, ಹಲ್ಲಿನ ಸಂದಿಯಲ್ಲಿ, ನಾಲಿಗೆಯ ಹಿಂಭಾಗದ ಬಿಳಿ ಪದರದಲ್ಲಿ. ಬಾಯಿ ಒಣಗಿದರೂ ಬರುತ್ತದೆ, ತಂಬಾಕಿನಿಂದಲೂ ಬರುತ್ತದೆ. ಬಾಯಿ ಸ್ವಚ್ಛವಿದ್ದೂ ಬರುತ್ತಿದ್ದರೆ ಮೂಗು, ಗಂಟಲು, ಸಕ್ಕರೆ ಕಾಯಿಲೆ ತೋರಿಸಿಕೊಳ್ಳಬೇಕು. ಆ ಅರ್ಧ ಬೆಲೆಯ ಹಲ್ಲನ್ನು ಬಿಡಿಸುವಾಗ ಆಕೆ ಮುಖಕ್ಕೆ ಎರಡು ಮುಸುಕು ಹಾಕಿಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ. ವಸಡು ತೊಳೆದಳು, ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಲು ಹೇಳಿದಳು, ಎಲೆ ಅಡಿಕೆ ಬಿಡಿಸಿದಳು. ಆಮೇಲೆ ತೆಗೆದು ತೊಳೆಯಲು ಬರುವ ಹಲ್ಲು ಮಾಡಿಕೊಟ್ಟಳು; ರಾತ್ರಿ ಅದು ನೀರಿನ ಬಟ್ಟಲಲ್ಲಿ ಮಲಗುತ್ತದೆ. ಇನ್ನೊಂದು ಉಪಾಯ ಕಲಿಸಿದಳು: ಮುಂಗೈಯನ್ನು ನೆಕ್ಕಿ, ಒಣಗಲು ಬಿಟ್ಟು, ಮೂಸಿ ನೋಡಿ. ಪೂರ್ತಿ ನಂಬುವ ಹಾಗಿಲ್ಲ, ಆದರೆ ಅಂದಾಜು ಸಿಗುತ್ತದೆ. ಬಸ್ಸಿನಲ್ಲಿ ಮಾತ್ರ ಮಾಡಬೇಡಿ. ಎಲ್ಲಕ್ಕಿಂತ ಖಾತ್ರಿ ಪರೀಕ್ಷೆ ಮನೆಯ ಒಬ್ಬರನ್ನು ಕೇಳುವುದು. ಕೇಳುವ ಮುಂಚೆ ಅವರ ಜೊತೆ ಜಗಳ ಇಲ್ಲದಂತೆ ನೋಡಿಕೊಳ್ಳಿ.

ಮುಂದಿನ ಸಂತೆಯಲ್ಲಿ ಮೌಲಾ ತಾನೇ ಬಂದು ನನ್ನ ಗದ್ದ ಹಿಡಿದು, "ಬಾಯಿ ತೆಗಿ" ಎಂದ. ತೆಗೆದೆ. ಮೂಸಿದ. ಎತ್ತಿಗೆ ಹೊಡೆಯುವ ಹಾಗೆ ನನ್ನ ಬೆನ್ನಿಗೊಂದು ಹೊಡೆದು, "ಖರೀದಿ ಮಾಡಬಹುದು" ಎಂದ. ನನ್ನ ಕಿವುಡು ಮಾತ್ರ ಅಷ್ಟು ಬೇಗ ವಾಸಿಯಾಗಲಿಲ್ಲ. ಹೈದರಾಬಾದಿಗೆ ಹೋಗಿ ಕಿವಿ ತೋರಿಸಿಕೊಂಡು ಬಂದಿದ್ದಾರೆ ಎಂದು ಮೌಲಾ ಇನ್ನೊಂದು ಸುಳ್ಳು ಹರಡಬೇಕಾಯಿತು. ಕೆಲವರು ಆ ಡಾಕ್ಟರರ ವಿಳಾಸವನ್ನೂ ಕೇಳಿದರು.

ಇದರಿಂದ ನಾನು ಅನುಮಾನ ಬಿಟ್ಟೆ ಎಂದು ತಿಳಿಯಬೇಡಿ. ಅನುಮಾನಪಟ್ಟಿದ್ದರಿಂದ ಬಸಣ್ಣನನ್ನು ಗೂಢಚಾರನಾಗಿ ಬಿಟ್ಟೆ, ಬಸಣ್ಣನಿಂದ ಸತ್ಯ ಹೊರಬಿತ್ತು, ಸತ್ಯದಿಂದ ಹಲ್ಲು ಹೊರಬಿತ್ತು. ಲೆಕ್ಕ ಸರಿಯಾಗಿದೆ. ಆಮೇಲೂ ಮೌಲಾ ಕೈ ಹಾಕಿದ ದಿನವೆಲ್ಲ ನಾನು ಗಿರಾಕಿಯ ಹಿಂದೆ ಹೋಗಿ ದರ ಕೆದಕುತ್ತಿದ್ದೆ. ಮೌಲಾನಿಗೂ ಗೊತ್ತಿತ್ತು. "ಕೇಳಿ ಬಂದಿ? ತಾಳಿ ಆತಾ?" ಎಂದು ನಗುತ್ತಿದ್ದ. ವರ್ಷಗಳು ಹೀಗೇ ಹೋದವು. ಈಗ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾಗಿವೆ, ಫೋನಿನಲ್ಲೇ ಫೋಟೊ ನೋಡಿ ದರ ಕೇಳುತ್ತಾರೆ. ಆದರೂ ನಾವಿಬ್ಬರೂ ಸಂತೆ ಬಿಟ್ಟಿಲ್ಲ.

ಈ ಸಲದ ರಂಜಾನಿನಲ್ಲಿ ಒಂದು ಜೋಡಿ ಎತ್ತಿಗೆ ಗಿರಾಕಿ ಬಂದ. ನನ್ನ ಮೊಣಕಾಲು ನೋಯುತ್ತಿತ್ತು, ಮೌಲಾ ಕೈ ಹಾಕಿದ. ಮಧ್ಯಾಹ್ನದ ಬಿಸಿಲು, ಅವನಿಗೆ ಉಪವಾಸ, ಬೆಳಗಿನಿಂದ ಹನಿ ನೀರಿಲ್ಲ. ವಲ್ಲಿಯ ಕೆಳಗೆ ಮಾತು ಮುಗಿಸಿ ನನ್ನ ಕಡೆ ಬಂದವನು ಒಂದು ಮಾರು ದೂರವೇ ನಿಂತ. ವಲ್ಲಿಯ ತುದಿಯನ್ನು ಬಾಯಿಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳು ಮಡಚಿ ದರ ತೋರಿಸಲು ನೋಡಿದ. ಸುತ್ತ ಬೇರೆ ದಲ್ಲಾಳಿಗಳಿದ್ದರು.

"ಏನೋ ಅದು? ಹತ್ತಿರ ಬಂದು ಹೇಳು."

"ರೋಜಾ ಅದ ಅಣ್ಣಾ. ಬಾಯಿ ಒಣಗ್ಯದ. ಈ ವಾಸನಿ ದೇವರಿಗೆ ಇಷ್ಟ ಅಂತಾರ, ನಿನಗ ಇಷ್ಟ ಆಗಬೇಕಲ್ಲ."

ನಾನು ಮೊಣಕಾಲು ಹಿಡಿದುಕೊಂಡು ಎದ್ದೆ. ಅವನ ಕೈಯಿಂದ ವಲ್ಲಿಯ ತುದಿ ಬಿಡಿಸಿ, ತಲೆ ಎಳೆದು ನನ್ನ ಕೆನ್ನೆಗೆ ಹಚ್ಚಿಕೊಂಡೆ. ವಾಸನೆ ಇತ್ತು. ಒಣ ಗಂಟಲಿನ, ಹಸಿದ ಹೊಟ್ಟೆಯ ವಾಸನೆ.

"ಹೇಳು," ಎಂದೆ.

ಹೇಳಿದ. ನಾನು ಬಯಸಿದ್ದಕ್ಕಿಂತ ಕಮ್ಮಿ ಇತ್ತು. ಗಿರಾಕಿ ಅಲ್ಲೇ ಕೂಗಳತೆಯಲ್ಲಿ ನಿಂತಿದ್ದ, ಕೇಳಿದರೆ ಹೇಳುತ್ತಿದ್ದ. ನಾನು ಎತ್ತಿನ ಹಗ್ಗ ಬಿಚ್ಚಿ ಮೌಲಾನ ಕೈಗೆ ಕೊಟ್ಟೆ.